ಅರಕಲಗೂಡಿಗೆ ಎನ್ನಲು ತಡವರಿಸುವ ಯಂತ್ರ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಹೊಳೆನರಸೀಪುರದ ಪೇಟೆಯಲ್ಲಾಗಲಿ ಯಾವುದಾದರೂ ಡಿಟಿಪಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕ್ರಯದ ಕರಾರು, ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ವೈಕುಂಠ ಸಮಾರಾಧನೆಯ ಕಾರ್ಡು ಒಂದರ ಹಿಂದೊಂದು ಟೈಪಾಗುತ್ತಿರುತ್ತವೆ. ಹಾಳೆಯ ಮೇಲೆ ಮೂಡುವುದೆಲ್ಲ ಕನ್ನಡ. ಹಾಳೆಯ ಸುತ್ತಲಿನ ಪಟ್ಟಿಗಳು ಮಾತ್ರ ಇಂಗ್ಲಿಷ್: ಫೈಲ್, ಎಡಿಟ್, ಇನ್ಸರ್ಟ್, ಫಾರ್ಮ್ಯಾಟ್. ಕಂಪ್ಯೂಟರಿನಲ್ಲಿ ಕನ್ನಡ ಇದೆಯಾ ಎಂದು ಕೇಳಿದರೆ, "ಇದೆ ಸಾರ್, ನುಡಿ ಹಾಕಿದೀವಿ" ಎಂಬ ಉತ್ತರ ಬರುತ್ತದೆ.

ಉತ್ತರ ಸರಿಯಾದದ್ದೇ. ಆದರೆ "ಕನ್ನಡ ಇದೆ" ಎಂಬ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಕೀಲಿಮಣೆಯಿಂದ ಕನ್ನಡ ಮೂಡಿಸುವುದು ಒಂದು. ಮೂಡಿದ್ದನ್ನು ಒತ್ತಕ್ಷರ, ಗುಣಿತ ಕೆಡದಂತೆ ಪರದೆಯ ಮೇಲೆ ತೋರಿಸುವುದು ಇನ್ನೊಂದು. ಮೂರನೆಯದು, ತಂತ್ರಾಂಶವೇ ನಮ್ಮೊಡನೆ ಕನ್ನಡದಲ್ಲಿ ಮಾತನಾಡುವುದು: ಅದರ ಮೆನು, ಅದರ ಗುಂಡಿಗಳು, ಪ್ರಿಂಟರಿನಲ್ಲಿ ಕಾಗದ ಮುಗಿದಾಗ ಅದು ಕೊಡುವ ಎಚ್ಚರಿಕೆ. ಇದಕ್ಕೆ ಪ್ರದರ್ಶನ ಭಾಷೆ ಎನ್ನೋಣ. ಮೊದಲೆರಡು ನಮ್ಮ ಜಿಲ್ಲೆಯ ಹೋಬಳಿ ಹೋಬಳಿಗೂ ತಲುಪಿವೆ. ಮೂರನೆಯದು ಯಂತ್ರದೊಳಗೇ ಇದ್ದರೂ, ಪುಕ್ಕಟೆ ಇಳಿಸಿಕೊಳ್ಳಲು ಸಿಕ್ಕರೂ ಅದನ್ನು ಮುಟ್ಟುವವರು ಕಡಿಮೆ. ಮುಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದು ಹೇಳುವುದಕ್ಕೆ ಮೊದಲು ಯಂತ್ರದ ಒಳಗೆ ನಡೆಯುವುದೇನೆಂದು ನೋಡಬೇಕಾಗುತ್ತದೆ.

ಮೊದಲು ಇತಿಹಾಸದ ಒಂದು ತುಣುಕು. ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಹೊಂದಿಸಿಕೊಟ್ಟ ವಿನ್ಯಾಸ ನುಡಿ ತಂತ್ರಾಂಶದ ಕೀಲಿಮಣೆಗೆ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಆ ಕಾಲದ ಫಾಂಟುಗಳಲ್ಲಿ ಒಂದು ಉಪಾಯವಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿಬಿಡುವುದು. ಪರದೆಯ ಮೇಲೆ "ಹಾಸನ" ಎಂದು ಕಂಡರೂ ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಒಂದು ಅರ್ಥವಿಲ್ಲದ ಸಾಲು. ಹಾಸನದಲ್ಲಿ ಟೈಪ್ ಮಾಡಿದ ಕಡತವನ್ನು ಚನ್ನರಾಯಪಟ್ಟಣದ ಅಂಗಡಿಯಲ್ಲಿ ತೆರೆದಾಗ, ಆ ಫಾಂಟ್ ಅಲ್ಲಿಲ್ಲದಿದ್ದರೆ, ಪುಟ ಪೂರ್ತಿ ಚಿತ್ರವಿಚಿತ್ರ ಚಿಹ್ನೆಗಳು. ದಾಖಲೆಯೊಳಗೆ ಈ ಉಪಾಯ ಹೇಗೋ ನಡೆಯಿತು, ಯಾಕೆಂದರೆ ಅಲ್ಲಿ ಫಾಂಟನ್ನು ನಾವೇ ಆರಿಸುತ್ತೇವೆ. ಮೆನುವಿನ ಅಕ್ಷರಗಳನ್ನು ಬರೆಯುವುದು ಕಾರ್ಯಾಚರಣ ವ್ಯವಸ್ಥೆ, ಅದರದೇ ಫಾಂಟಿನಲ್ಲಿ. ಅಲ್ಲಿ ಈ ಉಪಾಯ ಸಾಗುವಂತಿರಲಿಲ್ಲ.

ಹಾಗಾಗಿ ಕನ್ನಡದ ಮೆನು ಎರಡು ಬಾಗಿಲು ತೆರೆಯುವತನಕ ಕಾಯಬೇಕಾಯಿತು. ಒಂದು, ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿಯೇ ಇದೆ. ಇನ್ನೊಂದು, ಆ ಸಂಕೇತಗಳನ್ನು ಓದಿ ಅಕ್ಷರ ಜೋಡಿಸುವ ಶಕ್ತಿ. "ಚನ್ನರಾಯಪಟ್ಟಣ" ನಮ್ಮ ಕಣ್ಣಿಗೆ 7 ಅಕ್ಷರ. ಯುನಿಕೋಡಿನಲ್ಲಿ 12 ಸಂಕೇತ. ನ, ಅದರ ಮುಂದೆ ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಮತ್ತೆ ನ. ಈ ಮೂರು ಬಂದಾಗ ಎರಡನೇ ನಕಾರವನ್ನು ಒತ್ತಾಗಿ ಕೆಳಗೆ ಇಳಿಸಬೇಕು ಎಂಬುದು ವ್ಯವಸ್ಥೆಗೆ ತಿಳಿದಿರಬೇಕು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನ ಜೊತೆ ಈ ತಿಳಿವಳಿಕೆಯನ್ನೂ ತಂದಿತು. ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಲ್ಲೂ ಹೆಚ್ಚುಕಡಿಮೆ ಅದೇ ದಶಕದಲ್ಲಿ ಇದು ಸಾಧ್ಯವಾಯಿತು. ಅಲ್ಲಿಂದ ಮುಂದೆ ಮೆನುವಿನ ಕನ್ನಡಕ್ಕೆ ತಾಂತ್ರಿಕ ಅಡ್ಡಿ ಎಂಬುದು ಉಳಿಯಲಿಲ್ಲ.

ಈಗ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ದೊಡ್ಡಬೆಟ್ಟದ ಮೇಲಿನ ಸುಮಾರು 58 ಅಡಿಯ ಗೊಮ್ಮಟನ ಪಾದದ ಬಳಿ, ಎಡಬಲದ ಬಂಡೆಗಳ ಮೇಲೆ, ಚಿಕ್ಕ ಚಿಕ್ಕ ಶಾಸನಗಳಿವೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ ಎಂಬ ಒಂದೇ ಹೇಳಿಕೆ ಅಲ್ಲಿ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ನಾಗರಿ ಲಿಪಿಯ ಮರಾಠಿಯಲ್ಲಿದೆ. ದೂರದಿಂದ ಬರುವ ಯಾತ್ರಿಕರು ತಮ್ಮ ಭಾಷೆಯಲ್ಲೇ ಓದಿಕೊಳ್ಳಲಿ ಎಂದು ಬರೆಸಿದವರು ಬಯಸಿರಬೇಕು. ಮೂರ್ತಿ ಒಂದೇ, ವಿಷಯ ಒಂದೇ, ಮಾತು ಮೂರು. ತಂತ್ರಾಂಶವನ್ನು ಹಲವು ಭಾಷೆಗೆ ಒಗ್ಗಿಸುವವರು ಮಾಡುವ ಕೆಲಸದ ತಿರುಳೂ ಇದೇ. ವ್ಯತ್ಯಾಸ ಇಷ್ಟು: ಕಲ್ಲಿನಲ್ಲಿ ಮೂರೂ ಭಾಷೆ ಒಟ್ಟಿಗೆ ಎದುರಿಗಿರುತ್ತವೆ, ಹೊಸದೊಂದನ್ನು ಸೇರಿಸಬೇಕಾದರೆ ಮತ್ತೆ ಉಳಿ ಹಿಡಿಯಬೇಕು. ತಂತ್ರಾಂಶದಲ್ಲಿ ಓದುವವನಿಗೆ ಬೇಕಾದ ಒಂದು ಭಾಷೆ ಮಾತ್ರ ಮುಂದೆ ಬರುತ್ತದೆ, ಉಳಿದವು ಹಿಂದೆ ಕಾಯುತ್ತವೆ.

ಆದರೆ ಮೊದಮೊದಲ ತಂತ್ರಾಂಶಗಳೂ ಕಲ್ಲಿನ ಹಾಗೇ ಇದ್ದವು. ಪ್ರೋಗ್ರಾಂ ಬರೆಯುವವರು "ಸೇವ್" ಎಂಬ ಪದವನ್ನು ತಮ್ಮ ಆದೇಶಗಳ ನಡುವೆಯೇ ಬರೆದುಬಿಡುತ್ತಿದ್ದರು. ಅದನ್ನು ಬದಲಿಸಬೇಕಾದರೆ ಪ್ರೋಗ್ರಾಮನ್ನೇ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. 1990ರ ದಶಕದ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯನ್ನು ರೂಪಿಸಿತು. 1995ರಲ್ಲಿ ಅದರ ಮುಕ್ತ ರೂಪ ಗ್ನೂ ಯೋಜನೆಯಿಂದ ಬಂತು. ಆಲೋಚನೆ ಬಹಳ ಸರಳ. ಮನುಷ್ಯರು ಓದುವ ಮಾತುಗಳನ್ನೆಲ್ಲ ಪ್ರೋಗ್ರಾಮಿನಿಂದ ಹೊರಗೆ ತೆಗೆದು ಬೇರೆ ಕಡತದಲ್ಲಿಡಿ. ಪ್ರತಿ ಭಾಷೆಗೆ ಅಂಥದೊಂದು ಕಡತ. ಲಿನಕ್ಸ್ ಯಂತ್ರದಲ್ಲಿ ಹುಡುಕಿದರೆ "ಕೆಎನ್" ಎಂಬ ಎರಡಕ್ಷರದ ಫೋಲ್ಡರ್ ಸಿಗುತ್ತದೆ. ಅದು ಕನ್ನಡಕ್ಕೆ ಕೊಟ್ಟಿರುವ ಅಂತರರಾಷ್ಟ್ರೀಯ ಗುರುತು. ಅದರೊಳಗಿನ ಒಂದೊಂದು ಕಡತವೂ ಒಂದೊಂದು ತಂತ್ರಾಂಶದ ಕನ್ನಡ.

ಆ ಕಡತದಲ್ಲಿ ಸಾಲುಗಳು ಜೋಡಿ ಜೋಡಿ. ಮೇಲಿನದು ಮೂಲದ ಇಂಗ್ಲಿಷ್ ವಾಕ್ಯ, ಕೆಳಗಿನದು ಕನ್ನಡ. ತಂತ್ರಾಂಶ ಪರದೆಯ ಮೇಲೆ ಏನನ್ನಾದರೂ ಬರೆಯುವ ಮುನ್ನ ಆ ಇಂಗ್ಲಿಷ್ ವಾಕ್ಯವನ್ನು ಹಿಡಿದು ಕಡತದಲ್ಲಿ ಹುಡುಕುತ್ತದೆ. ಇಡೀ ಕಡತವನ್ನು ಮೊದಲಿನಿಂದ ಓದುತ್ತಾ ಕೂರುವುದಿಲ್ಲ. ವಾಕ್ಯಗಳು ಅಕಾರಾದಿಯಾಗಿ ಜೋಡಿಸಿರುವುದರಿಂದ, ನಿಘಂಟಿನಲ್ಲಿ ನಾವು ಮಾಡುವಂತೆ, ನಡುವೆ ತೆರೆದು, ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧದ ನಡುವೆ ಮತ್ತೆ ತೆರೆಯುತ್ತದೆ. ನಾಲ್ಕು ಸಾವಿರ ವಾಕ್ಯಗಳಿದ್ದರೂ ಹನ್ನೆರಡು ಸಲ ಅರ್ಧ ಮಾಡಿದರೆ ಬೇಕಾದದ್ದು ಸಿಕ್ಕಿಬಿಡುತ್ತದೆ. ವಿಂಡೋಸಿನಲ್ಲಿ ವಾಕ್ಯದ ಬದಲು ಪ್ರತಿ ಮಾತಿಗೂ ಒಂದು ಸಂಖ್ಯೆ ಇರುತ್ತದೆ, ಆಯಾ ಭಾಷೆಯ ಕಡತದಲ್ಲಿ ಆ ಸಂಖ್ಯೆಯ ಎದುರಿನ ಮಾತನ್ನು ಎತ್ತಿಕೊಳ್ಳುತ್ತದೆ. ದಾರಿ ಬೇರೆ, ತತ್ತ್ವ ಒಂದೇ.

ಹುಡುಕಿದ ವಾಕ್ಯ ಕಡತದಲ್ಲಿ ಇಲ್ಲದಿದ್ದರೆ? ಆಗ ಕೈಯಲ್ಲಿರುವ ಇಂಗ್ಲಿಷ್ ವಾಕ್ಯವನ್ನೇ ತೋರಿಸು ಎಂಬುದು ನಿಯಮ. ಕನ್ನಡಕ್ಕೆ ಬದಲಿಸಿದ ಮೇಲೂ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಸಾಲು ಕಾಣುವುದು ಇದರಿಂದ. ಕೆಟ್ಟುಹೋಗಿದೆ ಎಂದುಕೊಂಡು ಬಹಳ ಮಂದಿ ಅಲ್ಲೇ ಹಿಂದಕ್ಕೆ ತಿರುಗುತ್ತಾರೆ. ಕೆಟ್ಟಿಲ್ಲ, ಆ ಸಾಲನ್ನು ಇನ್ನೂ ಯಾರೂ ಕನ್ನಡಕ್ಕೆ ತಂದಿಲ್ಲ, ಅಥವಾ ತಂದಿದ್ದು ಹಳತಾಗಿದೆ.

ಈ ಹಳತಾಗುವ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹುಡುಕುವ ಕೀಲಿಯೇ ಇಂಗ್ಲಿಷ್ ವಾಕ್ಯವಾದ್ದರಿಂದ, ಮೂಲ ಬರೆದವರು ಅದರಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಕೀಲಿ ಬೀಗಕ್ಕೆ ಕೂರುವುದಿಲ್ಲ. ಕಡತ ನವೀಕರಿಸುವ ಸಾಧನ ಹಳೆಯ ಕನ್ನಡ ಸಾಲನ್ನು ಎಸೆಯುವುದಿಲ್ಲ, "ಅಸ್ಪಷ್ಟ" ಎಂಬ ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಒಬ್ಬ ಮನುಷ್ಯ ನೋಡಿ, ಸರಿಯಿದೆ ಎಂದು ಗುರುತು ತೆಗೆಯುವತನಕ ಅದು ಪರದೆಗೆ ಬರುವುದಿಲ್ಲ. ಹೀಗಾಗಿ ಒಮ್ಮೆ ಪೂರ್ತಿ ಕನ್ನಡವಾಗಿದ್ದ ತಂತ್ರಾಂಶವೂ, ಅನುವಾದಕರು ಕೈಬಿಟ್ಟರೆ, ಪ್ರತಿ ಹೊಸ ಆವೃತ್ತಿಯಲ್ಲೂ ತುಸು ತುಸುವೇ ಇಂಗ್ಲಿಷಿಗೆ ಮರಳುತ್ತದೆ. ಲಿನಕ್ಸ್ ಡೆಸ್ಕ್‌ಟಾಪಿನ ಕನ್ನಡಕ್ಕೆ ಹೀಗೆ ಆಗಿದೆ. ರೆಡ್ ಹ್ಯಾಟ್ ಕಂಪನಿಯ ಪುಣೆಯ ಅನುವಾದ ತಂಡವೂ ಹಲವು ಸ್ವಯಂಸೇವಕರೂ ಕೂಡಿ ಒಂದು ಕಾಲಕ್ಕೆ ಗ್ನೋಮ್, ಫೆಡೋರಾಗಳಿಗೆ ಬಹಳಷ್ಟು ಕನ್ನಡ ಕೊಟ್ಟಿದ್ದರು. ಆ ಮಟ್ಟ ಹಾಗೇ ಉಳಿಯಲಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ.

ಇನ್ನು, ಈ ವಿಧಾನದ ಅತ್ಯಂತ ಸ್ವಾರಸ್ಯಕರ ತೊಡಕಿಗೆ ಬರೋಣ. ತಂತ್ರಾಂಶದ ಎಷ್ಟೋ ವಾಕ್ಯಗಳಲ್ಲಿ ಖಾಲಿ ಜಾಗಗಳಿರುತ್ತವೆ. "ಇಷ್ಟು ಕಡತಗಳನ್ನು ಇಂಥ ಫೋಲ್ಡರಿಗೆ ನಕಲಿಸಲಾಗುತ್ತಿದೆ" ಎಂಬಲ್ಲಿ "ಇಷ್ಟು" ಮತ್ತು "ಇಂಥ" ಎರಡೂ ಆ ಕ್ಷಣಕ್ಕೆ ತುಂಬುವಂಥವು. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು, ಎಣಿಕೆ ನಡುವೆ, ಸ್ಥಳ ಕೊನೆಗೆ. ಕನ್ನಡದಲ್ಲಿ ಕ್ರಿಯೆಗೆ ಕೊನೆಯ ಜಾಗ. ಈ ಅದಲುಬದಲಿಗೆ ಪರಿಹಾರ ಇದೆ: ಖಾಲಿ ಜಾಗಗಳಿಗೆ ಒಂದು, ಎರಡು ಎಂದು ಅಂಕಿ ಕೊಟ್ಟರೆ ಅನುವಾದಕರು ತಮಗೆ ಬೇಕಾದ ಕ್ರಮದಲ್ಲಿ ಇಟ್ಟುಕೊಳ್ಳಬಹುದು. ಕಷ್ಟ ಶುರುವಾಗುವುದು ವಿಭಕ್ತಿಯಲ್ಲಿ.

ನಮ್ಮ ನಾಲ್ಕು ಊರುಗಳ ಹೆಸರಿನಲ್ಲಿ ನಾಲ್ಕು ಫೋಲ್ಡರ್ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ "ಟು" ಎಂದು ಬರೆದರೆ ನಾಲ್ಕಕ್ಕೂ ಸಾಕು. ಹೆಸರನ್ನು ಮುಟ್ಟುವ ಅಗತ್ಯವೇ ಇಲ್ಲ. ಕನ್ನಡದಲ್ಲಿ ಚತುರ್ಥಿ ಪ್ರತ್ಯಯ ಹೆಸರಿಗೇ ಅಂಟಬೇಕು. ಹಾಸನಕ್ಕೆ, ಹೊಳೆನರಸೀಪುರಕ್ಕೆ, ಚನ್ನರಾಯಪಟ್ಟಣಕ್ಕೆ. ಮೂರೂ "ಅ"ಕಾರದಲ್ಲಿ ಮುಗಿಯುವ ಹೆಸರುಗಳು, "ಕ್ಕೆ" ಎಂದು ಅಂಟಿಸಿದರೆ ಮುಗಿಯಿತು. ನಾಲ್ಕನೆಯದಕ್ಕೆ ಬಂದಾಗ ಯಂತ್ರ "ಅರಕಲಗೂಡುಕ್ಕೆ" ಎನ್ನುತ್ತದೆ. ಬೇಡವೆಂದು ಪ್ರತ್ಯಯವನ್ನು "ಗೆ" ಎಂದು ಬದಲಿಸಿದರೆ "ಹಾಸನಗೆ", "ಅರಕಲಗೂಡುಗೆ". ಎರಡೂ ತಪ್ಪು. ಅರಕಲಗೂಡಿಗೆ ಎನ್ನಬೇಕಾದರೆ ಕೊನೆಯ ಉಕಾರವನ್ನು ಕಿತ್ತು, ಅಲ್ಲಿ ಇಕಾರ ಕೂರಿಸಿ, ಆಮೇಲೆ "ಗೆ" ಸೇರಿಸಬೇಕು. ಶಾಲೆಯಲ್ಲಿ ಕಲಿತ ಲೋಪಸಂಧಿಯೇ ಇದು. ನಮ್ಮ ನಾಲಿಗೆಗೆ ಇದು ಉಸಿರಿನಷ್ಟು ಸಲೀಸು. ಖಾಲಿ ಜಾಗ ತುಂಬುವುದಷ್ಟೇ ಗೊತ್ತಿರುವ ಪ್ರೋಗ್ರಾಮಿಗೆ ಇದರ ಸುಳಿವೂ ಇಲ್ಲ.

ನಿಯಮ ಬರೆದುಕೊಟ್ಟರಾಯಿತಲ್ಲ ಎನ್ನಬಹುದು. ಉಕಾರಾಂತವಾದರೆ ಇಗೆ, ಅಕಾರಾಂತವಾದರೆ ಕ್ಕೆ, ಇ ಅಥವಾ ಎ ಇದ್ದರೆ ಗೆ. ಬೇಲೂರಿಗೆ ಇದು ಹೊಂದುತ್ತದೆ, ಅರಸೀಕೆರೆಗೂ ಹೊಂದುತ್ತದೆ. ಆದರೆ "ಮಗು" ಎಂಬುದೂ ಉಕಾರಾಂತವೇ, ಅದು ಮಗುವಿಗೆ ಆಗುತ್ತದೆ, ಮಗಿಗೆ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಅಕಾರದಲ್ಲಿದೆ. ಚನ್ನರಾಯಪಟ್ಟಣ ಊರು, ಹಾಗಾಗಿ ಚನ್ನರಾಯಪಟ್ಟಣಕ್ಕೆ. ಚನ್ನರಾಯ ಮನುಷ್ಯ, ಹಾಗಾಗಿ ಚನ್ನರಾಯನಿಗೆ. ಎರಡೂ ಅಕಾರಾಂತ. ಯಾವುದು ಊರು, ಯಾವುದು ಆಸಾಮಿ ಎಂದು ಅಕ್ಷರಗಳನ್ನು ನೋಡಿ ತಿಳಿಯುವುದಿಲ್ಲ, ಲೋಕಜ್ಞಾನ ಬೇಕು. ಹೆಸರು "ಬೇಸಿಕ್" ಎಂಬಂತೆ ಅರ್ಧಾಕ್ಷರದಲ್ಲಿ ಮುಗಿದರೆ ಇನ್ನೊಂದು ಫಜೀತಿ: ಅದಕ್ಕೆ "ಗೆ" ತಾಗಿಸಿದೊಡನೆ ಕಕಾರಕ್ಕೆ ಗಕಾರ ಒತ್ತಾಗಿ ಕೆಳಗಿಳಿಯುತ್ತದೆ. ಹಾಗಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕಾಗುತ್ತದೆ.

ಅನುವಾದಕರು ಇದನ್ನು ಜಾಣತನದಿಂದ ಸುತ್ತಿ ಹೋಗುತ್ತಾರೆ. "ಹಾಸನ ಎಂಬ ಫೋಲ್ಡರಿಗೆ" ಎಂದು ಬರೆದರೆ ಪ್ರತ್ಯಯ ಹತ್ತುವುದು ಫೋಲ್ಡರ್ ಎಂಬ ಪದಕ್ಕೆ. ಹೆಸರು ಯಾವುದಿದ್ದರೂ ಮುಟ್ಟದೆ ಇರಬಹುದು. ಅಥವಾ "ತಲುಪಬೇಕಾದ ಸ್ಥಳ: ಅರಕಲಗೂಡು" ಎಂದು ವಾಕ್ಯವನ್ನೇ ಮುರಿದು ಪಟ್ಟಿ ಮಾಡಬಹುದು. ಕನ್ನಡದ ತಂತ್ರಾಂಶಗಳಲ್ಲಿ "ಎಂಬ" ಇಷ್ಟು ಸಲ ಯಾಕೆ ಬರುತ್ತದೆ, ಕೆಲವು ವಾಕ್ಯಗಳು ಯಾಕೆ ಬಿಗಿಯಾಗಿವೆ ಎಂದು ಬೇಸರಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಯಾರೋ ಒಬ್ಬರು ವ್ಯಾಕರಣವನ್ನು ಕಾಪಾಡಲು ಹೆಣಗಿದ್ದಾರೆ.

ಭಾಷೆ ಬದಲಿಸುವ ವಿಧಾನಕ್ಕೆ ಬಂದರೆ, ಅದು ಹೆಚ್ಚು ಹೊತ್ತಿನ ಕೆಲಸವಲ್ಲ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಟೂಲ್ಸ್ ಮೆನುವಿನ ಆಪ್ಷನ್ಸ್ ತೆರೆದರೆ ಭಾಷೆಗಳ ವಿಭಾಗವಿದೆ. ಅಲ್ಲಿ ಯೂಸರ್ ಇಂಟರ್‌ಫೇಸ್ ಎಂಬಲ್ಲಿ ಕನ್ನಡ ಆರಿಸಬೇಕು. ಪಟ್ಟಿಯಲ್ಲಿ ಕನ್ನಡವೇ ಕಾಣದಿದ್ದರೆ ಭಾಷೆಯ ಕಟ್ಟು ಬಂದಿಲ್ಲ ಎಂದರ್ಥ: ವಿಂಡೋಸಿನಲ್ಲಿ ಅನುಸ್ಥಾಪಿಸುವಾಗ ಕಸ್ಟಮ್ ಆರಿಸಿ ಕನ್ನಡವನ್ನು ಸೇರಿಸಬೇಕು, ಉಬುಂಟು ಲಿನಕ್ಸಿನಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಸೆಟಿಂಗ್ಸ್ ಪುಟದ ಸಾಮಾನ್ಯ ವಿಭಾಗದಲ್ಲೇ ಭಾಷೆಯ ಆಯ್ಕೆ ಸಿಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ಎಂಬಲ್ಲಿ ಕನ್ನಡ ಸೇರಿಸಿ, ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ನಮ್ಮಲ್ಲಿ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ವಿಂಡೋಸಿನ "ಸಿಂಗಲ್ ಲ್ಯಾಂಗ್ವೇಜ್" ಆವೃತ್ತಿ ಹಾಕಿರುತ್ತಾರೆ. ಅಂಥ ಯಂತ್ರ ಪರವಾನಗಿ ಒಂದೇ ಪ್ರದರ್ಶನ ಭಾಷೆಗೆ ಎಂದು ತಡೆಯಬಹುದು. ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಹಾಗೆ ತಡೆದರೂ ಲಿಬ್ರೆಆಫೀಸು, ಫೈರ್‌ಫಾಕ್ಸುಗಳಿಗೆ ಅವುಗಳದೇ ಭಾಷೆಯ ಆಯ್ಕೆ ಇರುವುದರಿಂದ ಅವನ್ನು ಕನ್ನಡಕ್ಕೆ ತರಲು ಅಡ್ಡಿಯಿಲ್ಲ.

ಬದಲಿಸಿದ ಮೇಲೆ ಮುಚ್ಚಿ ತೆರೆಯಿರಿ ಎಂದು ಯಾಕೆ ಕೇಳುತ್ತದೆ? ಬಹುತೇಕ ತಂತ್ರಾಂಶಗಳು ಭಾಷೆ ಯಾವುದೆಂದು ವಿಚಾರಿಸುವುದು ಶುರುವಾಗುವ ಕ್ಷಣದಲ್ಲಿ ಮಾತ್ರ. ಆಗಲೇ ಮೆನು ಬರೆದು, ಗುಂಡಿಗಳ ಅಗಲ ಲೆಕ್ಕಹಾಕಿ ಮುಗಿಸಿರುತ್ತವೆ. ಕನ್ನಡದ ಪದ ಉದ್ದವಿದ್ದರೆ ಗುಂಡಿ ಹಿಗ್ಗಬೇಕು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರವೂ ಬೇರೆ. ಎಲ್ಲವನ್ನೂ ನಿಂತ ನಿಲುವಿನಲ್ಲಿ ಅಳಿಸಿ ಬರೆಯುವುದಕ್ಕಿಂತ ಹೊಸದಾಗಿ ಶುರುಮಾಡುವುದು ಸುಲಭ.

ವರ್ಷಗಟ್ಟಲೆ ಇಂಗ್ಲಿಷ್ ಮೆನುವಿನಲ್ಲಿ ಪಳಗಿದ ಆಪರೇಟರುಗಳು "ಅಭ್ಯಾಸ ತಪ್ಪುತ್ತದೆ" ಎಂದು ಹೆದರುತ್ತಾರೆ. ಅವರು ಮೆನುವನ್ನು ಓದುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಮೇಲಿನಿಂದ ಎಷ್ಟನೆಯದು, ಎಡದಿಂದ ಎಷ್ಟನೆಯದು ಎಂಬುದು ಕೈಗೆ ಗೊತ್ತು. ಭಾಷೆ ಬದಲಾದರೂ ಜಾಗ ಬದಲಾಗುವುದಿಲ್ಲ. ಕಂಟ್ರೋಲ್ ಒತ್ತಿ ಎಸ್ ಒತ್ತಿದರೆ ಆಗಲೂ ಉಳಿಯುತ್ತದೆ, ಪಿ ಒತ್ತಿದರೆ ಆಗಲೂ ಪ್ರಿಂಟ್ ಹೋಗುತ್ತದೆ. ಗ್ನೋಮಿನ ಕನ್ನಡದಲ್ಲಿ ಅನುವಾದಕರು ಕಡತ ಎಂಬ ಪದದ ಪಕ್ಕ ಆವರಣದಲ್ಲಿ ಎಫ್ ಅಕ್ಷರವನ್ನೂ ಉಳಿಸಿದ್ದರು. ಆಲ್ಟ್ ಒತ್ತಿ ಎಫ್ ಒತ್ತುವ ರೂಢಿ ತಪ್ಪಬಾರದು, ಅದಕ್ಕಾಗಿ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸುವ ಕಷ್ಟವೂ ಇರಬಾರದು ಎಂದು. ಪ್ರದರ್ಶನ ಭಾಷೆಯಿಂದ ನಿಜವಾದ ಲಾಭ ಆಗುವುದು ಪಳಗಿದವರಿಗಲ್ಲ, ಹೊಸಬರಿಗೆ; ಅದರಲ್ಲೂ ಅಪರೂಪಕ್ಕೆ ಬರುವ ಎಚ್ಚರಿಕೆಗಳಲ್ಲಿ. "ಈ ಹೆಸರಿನ ಕಡತ ಆಗಲೇ ಇದೆ, ಅದರ ಮೇಲೆ ಬರೆಯಲೇ?" ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗ ಅರ್ಥವಾಗದೆ ಓಕೆ ಒತ್ತಿ ಒಂದು ದಿನದ ಕೆಲಸ ಕಳೆದುಕೊಂಡವರು ಎಷ್ಟೋ ಜನ.

ಕನ್ನಡದ ಪರದೆ ಸಾಮಾನ್ಯ ಜನರಿಗೆ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ತಾಲ್ಲೂಕು ಕಚೇರಿಯಲ್ಲೇ ಇದೆ. ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಕರ್ನಾಟಕದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಿಸಿ ಕೊಡುತ್ತಿದ್ದರು. ಕೇಂದ್ರಗಳಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿಟ್ಟಿದ್ದರು. ತನ್ನ ಸರ್ವೆ ನಂಬರಿನ ಎದುರು ಏನು ಬರೆದಿದೆ ಎಂದು ಅವನು ನೋಡಬೇಕು ಎಂಬುದು ಉದ್ದೇಶ. ಆ ದಾಖಲೆ ಕನ್ನಡದಲ್ಲಿ ಇಲ್ಲದಿದ್ದರೆ ಪರದೆಯನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ಆಗುತ್ತಿತ್ತು. ಭೂಮಿ ಹುಟ್ಟಿದ್ದೇ ಕನ್ನಡದಲ್ಲಿ. ಅದಕ್ಕೆ ಸರ್ಕಾರದ ಬಲವಿತ್ತು. ಹೊರಗಿನಿಂದ ಬರುವ ತಂತ್ರಾಂಶಗಳಿಗೆ ಆ ಬಲ ಇಲ್ಲ. ಅವುಗಳ ಕನ್ನಡ ನಿಂತಿರುವುದು ಬಳಸುವವರ ಮೇಲೆ.

ಬಳಸದೆ ತಪ್ಪುಗಳು ಸಿಗುವುದಿಲ್ಲ. ಅನುವಾದಕರ ಮುಂದೆ ಇರುವುದು ಸಾಲುಗಳ ಪಟ್ಟಿ, ಪರದೆಯಲ್ಲ. ಒಂದು ಪದ ನಾಮಪದವಾಗಿ ಬಂದಿದೆಯೋ ಗುಂಡಿಯ ಮೇಲಿನ ಆದೇಶವಾಗಿಯೋ ಎಂಬುದು ಎಷ್ಟೋ ಸಲ ಪಟ್ಟಿಯಿಂದ ತಿಳಿಯುವುದಿಲ್ಲ. ತಪ್ಪು ಜಾಗದಲ್ಲಿ ತಪ್ಪು ರೂಪ ಕುಳಿತಿರುವುದು, ಒತ್ತಕ್ಷರದ ಬುಡ ಕತ್ತರಿಸಿಹೋಗಿರುವುದು, ವಾಕ್ಯ ಅರ್ಧಕ್ಕೆ ನಿಂತಿರುವುದು ಕಾಣುವುದು ದಿನವೂ ಅದರ ಎದುರು ಕೂರುವವರಿಗೆ. ಹೊಳೆನರಸೀಪುರದ ಕಾಲೇಜಿನ ಲ್ಯಾಬಿನಲ್ಲಿ, ಅರಕಲಗೂಡಿನ ಹೈಸ್ಕೂಲಿನಲ್ಲಿ ಹತ್ತು ಯಂತ್ರಗಳನ್ನು ಕನ್ನಡಕ್ಕೆ ಬದಲಿಸಿದರೆ ಒಂದು ತಿಂಗಳಲ್ಲಿ ಸಿಗುವ ತಪ್ಪುಗಳ ಪಟ್ಟಿ, ಬೆಂಗಳೂರಿನಲ್ಲಿ ಕೂತ ತಜ್ಞರ ಸಮಿತಿಗೆ ಒಂದು ವರ್ಷದಲ್ಲೂ ಸಿಗಲಾರದು ಎಂದು ನಾನು ನಂಬುತ್ತೇನೆ.

ತಿದ್ದುವುದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ಲಿಬ್ರೆಆಫೀಸಿನ ಅನುವಾದ ನಡೆಯುವುದು ವೆಬ್ಲೇಟ್ ಎಂಬ ತಾಣದಲ್ಲಿ, ಫೈರ್‌ಫಾಕ್ಸಿನದು ಪಾಂಟೂನ್ ಎಂಬಲ್ಲಿ. ಖಾತೆ ತೆರೆದು, ತಪ್ಪಿದ ಸಾಲನ್ನು ಹುಡುಕಿ, ಸರಿಯಾದ ರೂಪವನ್ನು ಸಲಹೆಯಾಗಿ ಬರೆಯಬಹುದು. ಅನುಭವಿಗಳು ಅದನ್ನು ನೋಡಿ ಒಪ್ಪಿದರೆ ಕಡತಕ್ಕೆ ಸೇರುತ್ತದೆ. ಲಿಬ್ರೆಆಫೀಸಿನ ದೊಡ್ಡ ಆವೃತ್ತಿ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟಿನ ಹೊತ್ತಿಗೆ ಬರುತ್ತದೆ. ಜೂನ್‌ನಲ್ಲಿ ಕಾಲೇಜು ಶುರುವಾದಾಗ ವಿದ್ಯಾರ್ಥಿಯೊಬ್ಬಳು ತಿದ್ದಿದ ಸಾಲು, ಸಕಾಲಕ್ಕೆ ಒಪ್ಪಿಗೆ ಸಿಕ್ಕರೆ, ಅದೇ ಶೈಕ್ಷಣಿಕ ವರ್ಷದೊಳಗೆ ಅವಳ ಲ್ಯಾಬಿನ ಯಂತ್ರಕ್ಕೆ ಬರಬಹುದು. ಲ್ಯಾಬಿನವರು ಹೊಸ ಆವೃತ್ತಿ ಹಾಕುವುದೊಂದು ಬಾಕಿ.